ಜೇಮ್ಸ್ ವಾಟ್: ಭಾವಚಿತ್ರದ ಹಿಂದಿನ ಬಾಳು

ಜೇಮ್ಸ್ ವಾಟನ ಕೆತ್ತನೆಯ ಭಾವಚಿತ್ರವನ್ನು ವಿಜ್ಞಾನಗ್ರಂಥಗಳಲ್ಲಿ ಕಾಣದವರು ವಿರಳ. ಛಾಯಾಚಿತ್ರಕಲೆ ಬಳಕೆಗೆ ಬರುವ ಮುನ್ನವೇ ಆತನು ಗತಿಸಿದ್ದರಿಂದ, ವರ್ಣಚಿತ್ರಗಳನ್ನು ನೋಡಿ ಲೋಹದ ತಗಡಿನ ಮೇಲೆ ಕೆತ್ತಿ ಅಚ್ಚಿಳಿಸಿದ ಇಂತಹ ಪಟಗಳೇ ಆತನ ಮುಖವನ್ನು ಲೋಕಕ್ಕೆ ತೋರಿದವು. ಅವುಗಳಲ್ಲಿ ಕಾಣುವವನು ಸಂಪನ್ನನಾದ ಗೃಹಸ್ಥ. ಪಟ್ಟ ಪಾಡು ಗೆರೆಗಳಲ್ಲಿ ಮೂಡಿಲ್ಲ.

ಸ್ಕಾಟ್ಲೆಂಡಿನ ಗ್ರೀನಕ್ ಪಟ್ಟಣದಲ್ಲಿ 1736ನೆಯ ಜನವರಿ 19ರಂದು ವಾಟನು ಜನಿಸಿದನು. ಬಾಲ್ಯದಿಂದಲೂ ಅಸ್ವಸ್ಥನಾದ ಆತನಿಗೆ ಮನೆಯೇ ಮೊದಲ ಪಾಠಶಾಲೆ. ಲಂಡನ್ನಿನಲ್ಲಿ ಒಂದು ವರ್ಷ ಗಣಿತೋಪಕರಣಗಳ ಕಸುಬು ಕಲಿತು ಗ್ಲಾಸ್ಗೋ ನಗರಕ್ಕೆ ಬಂದಾಗ, ಅಲ್ಲಿಯ ಕುಶಲಕರ್ಮಿಗಳ ಸಂಘವು ಅಂಗಡಿ ತೆರೆಯಗೊಡಲಿಲ್ಲ. 1757ರಲ್ಲಿ ವಿಶ್ವವಿದ್ಯಾಲಯವು ತನ್ನ ಆವರಣದಲ್ಲಿಯೇ ಆಶ್ರಯವಿತ್ತಿತು. ವಿದ್ಯಾಸಂಸ್ಥೆಯೊಂದು ಕಾಯಕಜೀವಿಗೆ ನೆರಳಾದ ಈ ಸಂಗತಿಯನ್ನು ನಮ್ಮ ದಾನಿಗಳು ವಿಶೇಷವಾಗಿ ಗಮನಿಸಬೇಕು.

ಉಗಿಯಂತ್ರವನ್ನು ಮೊದಲು ರಚಿಸಿದವನು ವಾಟನೆಂಬುದು ತಪ್ಪು ತಿಳಿವಳಿಕೆ. 1712ರಲ್ಲಿಯೇ ಥಾಮಸ್ ನ್ಯೂಕಾಮೆನ್ನನ ಯಂತ್ರವು ಗಣಿಯ ನೀರೆತ್ತುತ್ತಿತ್ತು. ಪಾಪ, ಆತನ ನಿಜವಾದ ಚಿತ್ರವೆಂಬುದು ಒಂದೂ ಉಳಿದಿಲ್ಲ. ಆ ಯಂತ್ರದ ಮಾದರಿಯೊಂದು 1763-64ರ ಚಳಿಗಾಲದಲ್ಲಿ ದುರಸ್ತಿಗಾಗಿ ವಾಟನ ಕೈಸೇರಿತು. ಅದರಲ್ಲಿ ಉಗಿಯನ್ನು ತಣಿಸಲು ಸಿಲಿಂಡರಿನೊಳಗೇ ತಣ್ಣೀರು ಚಿಮ್ಮಿಸಿ, ತಣಿದ ಅದನ್ನೇ ಮತ್ತೆ ಕಾಯಿಸಬೇಕಾಗಿತ್ತು. ರೊಟ್ಟಿಗೊಮ್ಮೆ ಹಂಚಿಗೆ ನೀರು ಸುರಿದು ಮತ್ತೆ ಉರಿಹಾಕುವ ಗೃಹಿಣಿಯ ಸೌದೆ ಎಷ್ಟು ದಿನ ಬಂದೀತು? 1765ರ ಒಂದು ಭಾನುವಾರ ಊರ ಹುಲ್ಲುಬಯಲಿನಲ್ಲಿ ಅಡ್ಡಾಡುವಾಗ ಉಪಾಯ ಹೊಳೆಯಿತು: ಉಗಿಯನ್ನು ಬೇರೊಂದು ಪಾತ್ರೆಗೆ ಸೆಳೆದು ಅಲ್ಲಿ ತಣಿಸುವುದು, ಸಿಲಿಂಡರನ್ನು ಸದಾ ಬಿಸಿಯಾಗಿಯೇ ಇರಿಸುವುದು.

ಇದನ್ನು ಕಾರ್ಯರೂಪಕ್ಕೆ ತರಲು ಹನ್ನೊಂದು ವರ್ಷ ಹಿಡಿಯಿತು. 1769ರಲ್ಲಿ ಪೇಟೆಂಟ್ ದೊರೆತರೂ ಸಿಲಿಂಡರನ್ನು ನಿಖರವಾಗಿ ಕೊರೆಯಬಲ್ಲವರಿರಲಿಲ್ಲ. ಹಣ ಹೂಡಿದ ರೋಬಕ್ಕನು ದಿವಾಳಿಯಾದನು. ಹೊಟ್ಟೆಪಾಡಿಗಾಗಿ ಕಾಲುವೆಯ ಮೋಜಣಿಗೆ ಅಲೆಯುತ್ತಿದ್ದಾಗಲೇ, 1773ರಲ್ಲಿ, ಪತ್ನಿ ಮಾರ್ಗರೆಟ್ ತೀರಿಕೊಂಡಳು. ಬರ್ಮಿಂಗ್‌ಹ್ಯಾಮಿನ ಮ್ಯಾಥ್ಯೂ ಬೋಲ್ಟನ್ನನು ಕೈಹಿಡಿದ ಮೇಲೆ 1776ರಲ್ಲಿ ಯಂತ್ರವು ದುಡಿಮೆಗೆ ನಿಂತಿತು. ಸಂಪತ್ತು ಬಂದದ್ದು ಆಮೇಲೆ.

ಒಂದು ಮಾತನ್ನು ಮುಚ್ಚಿಡಲಾಗದು. 1800ರವರೆಗೆ ವಾಟನು ಪೇಟೆಂಟಿನ ಹಿಡಿತವನ್ನು ಸಡಿಲಿಸಲಿಲ್ಲ. ಅಧಿಕ ಒತ್ತಡದ ಉಗಿಯನ್ನು ಅಪಾಯವೆಂದು ವಿರೋಧಿಸಿದನು. ಆ ಉಗಿಯಿಂದಲೇ 1804ರಲ್ಲಿ ಟ್ರೆವಿಥಿಕ್ಕನು ಹಳಿಯ ಮೇಲೆ ಬಂಡಿ ಓಡಿಸಿದನು. ಸೊಲ್ಲಾಪುರದಿಂದ ಕಲಬುರಗಿಯ ಮೇಲೆ ಹಾಯ್ದು 1871ರಲ್ಲಿ ರಾಯಚೂರು ಮುಟ್ಟಿದ, ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ನಮ್ಮ ಹಿರಿಯರನ್ನು ಬೆರಗುಗೊಳಿಸಿದ ಹೊಗೆಬಂಡಿಯು ಆ ಪರಂಪರೆಯದು.

ಮಗಳು ಜೆಸ್ಸಿಯನ್ನು 1794ರಲ್ಲಿ, ಮಗ ಗ್ರೆಗರಿಯನ್ನು 1804ರಲ್ಲಿ ಕಳೆದುಕೊಂಡ ವೃದ್ಧ ವಾಟನು ಹೀತ್‌ಫೀಲ್ಡ್ ಮನೆಯ ಅಟ್ಟದಲ್ಲಿ, ಪ್ರತಿಮೆಗಳ ಪ್ರತಿರೂಪ ಕಡೆಯುವ ಯಂತ್ರವೊಂದನ್ನು ತಿದ್ದುತ್ತ ಕಾಲ ಕಳೆದನು. 1819ನೆಯ ಆಗಸ್ಟ್ 25ರಂದು, 83ನೆಯ ವಯಸ್ಸಿನಲ್ಲಿ, ಅದೇ ಮನೆಯಲ್ಲಿ ದೇಹವಿಟ್ಟನು.