ರೊನಾಲ್ಡ್ ರಾಸ್ ಮಗುಚಿದ ತೊಟ್ಟಿ

ಕಾದಂಬರಿ ಬರೆದ ವಿಜ್ಞಾನಿಗಳು ವಿರಳ. ಮತ್ತೊಬ್ಬರ ಕಾದಂಬರಿಗೆ ತಾವೇ ಪಾತ್ರವಾದವರು ಇನ್ನೂ ವಿರಳ. ಇವೆರಡೂ ಭಾಗ್ಯ ಒದಗಿದ ವ್ಯಕ್ತಿ ರೊನಾಲ್ಡ್ ರಾಸ್. ಮಲೇರಿಯಾದ ಪರೋಪಜೀವಿ ಸೊಳ್ಳೆಯ ಒಡಲಲ್ಲಿ ಬೆಳೆಯುತ್ತದೆಂಬುದನ್ನು ಕಂಡುಹಿಡಿದು 1902ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಈತನ ಹೆಸರು ಶಾಲಾ ಪಠ್ಯ ಓದಿದವರಿಗೆಲ್ಲ ಪರಿಚಿತ. ಆದರೆ ಈತನ ಬದುಕಿನ ಒಂದು ಮುಖ್ಯ ಪ್ರಸಂಗ ನಡೆದದ್ದು ನಮ್ಮ ಬೆಂಗಳೂರಿನಲ್ಲಿ ಎಂಬುದು ಅಷ್ಟು ಪ್ರಚಾರ ಪಡೆದಿಲ್ಲ.

ಉಡುಪಿ ಸೀಮೆಯ ನನ್ನಂಥವರಿಗೆ ಸೊಳ್ಳೆಯೆಂಬುದು ಪಠ್ಯದ ವಿಷಯವಾಗುವ ಮೊದಲೇ ಬದುಕಿನ ವಿಷಯ. ಕಾಪುವಿನ ಕಡಲ ತಡಿಯಲ್ಲೋ ಉಡುಪಿಯ ರಥಬೀದಿಯಲ್ಲೋ ಆನೆಕಾಲಿನವರನ್ನು ಕಾಣದೆ ಬೆಳೆದವರು ನನ್ನ ತಲೆಮಾರಿನಲ್ಲಿ ಕಡಿಮೆ. ಆರೋಗ್ಯ ಇಲಾಖೆಯವರು ರಾತ್ರಿ ಹೊತ್ತಿನಲ್ಲೇ ಬಂದು ಬೆರಳು ಚುಚ್ಚಿ ರಕ್ತ ಒಯ್ಯುತ್ತಿದ್ದುದೇಕೆಂದು ಮಕ್ಕಳಾದ ನಮಗೆ ತಿಳಿಯುತ್ತಿರಲಿಲ್ಲ. ಆನೆಕಾಲಿನ ಹುಳುವಿನ ಮರಿಗಳು ಹಗಲು ದೇಹದ ಒಳಗೆ ಅಡಗಿದ್ದು, ಸೊಳ್ಳೆ ಕಚ್ಚುವ ರಾತ್ರಿಯ ಹೊತ್ತಿಗೆ ಚರ್ಮದ ಬಳಿಯ ರಕ್ತಕ್ಕೆ ಬರುತ್ತವೆ. ಈ ಹುಳುವೇ ರಾಸ್‌ನ ಕಥೆಗೂ ಪೀಠಿಕೆ.

ರಾಸ್ ಹುಟ್ಟಿದ್ದು 1857ರ ಮೇ 13ರಂದು, ಹಿಮಾಲಯದ ಮಡಿಲಿನ ಅಲ್ಮೋರಾದಲ್ಲಿ. ತಂದೆ ಸೇನಾಧಿಕಾರಿ, ಹತ್ತು ಮಕ್ಕಳಲ್ಲಿ ಈತನೇ ಹಿರಿಯ. ಎಂಟನೆಯ ವಯಸ್ಸಿಗೆ ಇಂಗ್ಲೆಂಡಿಗೆ ಹೋದ ಹುಡುಗನಿಗೆ ಕಾವ್ಯ, ಚಿತ್ರಕಲೆ, ಸಂಗೀತ, ಗಣಿತಗಳ ಮೇಲೆ ಮೋಹ. ತಂದೆಗೆ ಮಗ ವೈದ್ಯನಾಗಿ ಭಾರತದ ಸೇವೆಗೆ ಸೇರಬೇಕೆಂಬ ಹಟ. ಮನಸ್ಸಿಲ್ಲದೆ ವೈದ್ಯಕೀಯ ಓದಿ, ಒಂದು ಪರೀಕ್ಷೆಯಲ್ಲಿ ನಪಾಸಾಗಿ, ಕೆಲಕಾಲ ಹಡಗಿನ ವೈದ್ಯನಾಗಿ ದುಡಿದು, ಕೊನೆಗೆ 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿ ಮದ್ರಾಸಿಗೆ ಬಂದ.

1883ರಲ್ಲಿ ಆತನನ್ನು ಬೆಂಗಳೂರಿನ ದಂಡಿಗೆ ವೈದ್ಯನಾಗಿ ಕಳುಹಿಸಲಾಯಿತು. ಬಂಗಲೆ ಸೊಗಸಾಗಿತ್ತು, ಸೊಳ್ಳೆಕಾಟ ಮಾತ್ರ ಅಸಹನೀಯ. ಅಕ್ಕಪಕ್ಕದ ಮನೆಗಳಿಗಿಂತ ತನ್ನಲ್ಲೇ ಏಕೆ ಹೆಚ್ಚೆಂದು ಹುಡುಕಿದಾಗ ಕಿಟಕಿಯ ಕೆಳಗಿನ ನೀರಿನ ತೊಟ್ಟಿಯಲ್ಲಿ ಮರಿಗಳು ಕುಣಿಯುತ್ತಿರುವುದು ಕಂಡಿತು. ತೊಟ್ಟಿಯನ್ನು ಮಗುಚಿದ. ಸೊಳ್ಳೆ ಇಳಿಯಿತು. ದಂಡಿನ ಊಟದ ಮನೆಯ ಸುತ್ತಲಿನ ತೊಟ್ಟಿ, ಡಬ್ಬಗಳನ್ನೂ ಹೀಗೆಯೇ ಖಾಲಿ ಮಾಡಿಸೋಣವೆಂದು ಅಧಿಕಾರಿಗೆ ಸೂಚಿಸಿದಾಗ, ಸೊಳ್ಳೆಯ ಸೃಷ್ಟಿಗೂ ಒಂದು ಉದ್ದೇಶವಿರುತ್ತದೆ, ಪ್ರಕೃತಿಯ ಕ್ರಮವನ್ನು ಕೆಡಿಸುವುದು ತರವಲ್ಲವೆಂದು ಆತ ತಳ್ಳಿಹಾಕಿದ. ಸೊಳ್ಳೆಗೂ ರೋಗಕ್ಕೂ ಇರುವ ನಂಟು ಆಗ ಇಬ್ಬರಿಗೂ ಗೊತ್ತಿರಲಿಲ್ಲ.

ಆ ವರ್ಷಗಳಲ್ಲಿ ರಾಸ್‌ನ ಒಲವೆಲ್ಲ ಬರವಣಿಗೆಯತ್ತಲೇ ಇತ್ತು. 1889ರಲ್ಲಿ ‘ದಿ ಚೈಲ್ಡ್ ಆಫ್ ಓಷನ್’, 1896ರಲ್ಲಿ ‘ದಿ ಸ್ಪಿರಿಟ್ ಆಫ್ ಸ್ಟಾರ್ಮ್’ ಎಂಬ ಸಾಹಸ ಕಾದಂಬರಿಗಳು ಅಚ್ಚಾದವು. ‘ದಿ ವಿವಿಸೆಕ್ಟರ್ ವಿವಿಸೆಕ್ಟೆಡ್’ ಎಂಬ ಭಯಾನಕ ಕಥೆಯನ್ನೂ ಬರೆದ. ಯಾವುದೂ ಹೆಸರು ತರಲಿಲ್ಲ. ಮಲೇರಿಯಾ ಪರೋಪಜೀವಿಯಿಂದ ಬರುವ ರೋಗವೆಂದು ಫ್ರಾನ್ಸಿನ ಲಾವೆರಾನ್ 1880ರಲ್ಲೇ ಅಲ್ಜೀರಿಯಾದಲ್ಲಿ ಕಂಡುಕೊಂಡಿದ್ದರೂ, ರಾಸ್‌ಗೆ ಅದರಲ್ಲಿ ನಂಬಿಕೆಯಿರಲಿಲ್ಲ.

ಆ ಅಪನಂಬಿಕೆ ಕರಗಿದ್ದು 1894ರಲ್ಲಿ, ಲಂಡನ್ನಿನ ಪ್ಯಾಟ್ರಿಕ್ ಮ್ಯಾನ್ಸನ್ ಸೂಕ್ಷ್ಮದರ್ಶಕದಲ್ಲಿ ಆ ಜೀವಿಯನ್ನು ತೋರಿಸಿದಾಗ. ಇದೇ ಮ್ಯಾನ್ಸನ್ 1877ರಲ್ಲಿ ಚೀನಾದಲ್ಲಿದ್ದಾಗ, ಆನೆಕಾಲಿನ ಹುಳುವಿನ ಮರಿ ಸೊಳ್ಳೆಯ ದೇಹದಲ್ಲಿ ಬೆಳೆಯುವುದನ್ನು ಕಂಡಿದ್ದ. ಮಲೇರಿಯಾದ ದಾರಿಯೂ ಅದೇ ಇರಬೇಕೆಂಬುದು ಆತನ ಊಹೆ. ಆದರೆ ಸೊಳ್ಳೆ ನೀರಿನಲ್ಲಿ ಸತ್ತು, ಆ ನೀರು ಕುಡಿದವರಿಗೆ ರೋಗ ಬರುತ್ತದೆಂದು ಆತ ನಂಬಿದ್ದ. ಗುರುವಿನ ಈ ತಪ್ಪು ಊಹೆಯನ್ನು ಪರೀಕ್ಷಿಸಲು, 1895ರಲ್ಲಿ ಸಿಕಂದರಾಬಾದಿಗೆ ಬಂದ ರಾಸ್, ಲಕ್ಷ್ಮಣನೆಂಬ ಬಡ ಆಳಿಗೆ ಸೊಳ್ಳೆ ಸತ್ತ ನೀರನ್ನು ಕುಡಿಸಿದ. ಆತನಿಗೆ ಜ್ವರವೂ ಬಂದಿತು. ಇಂದು ಯಾವ ನೈತಿಕ ಸಮಿತಿಯೂ ಒಪ್ಪದ ಈ ಪ್ರಯೋಗವನ್ನು ಅಂದು ಯಾರೂ ಪ್ರಶ್ನಿಸಲಿಲ್ಲ.

ಅದೇ ವರ್ಷ ಸೆಪ್ಟೆಂಬರಿನಲ್ಲಿ ರಾಸ್ ಮತ್ತೆ ಬೆಂಗಳೂರಿಗೆ ಬಂದ, ಈ ಬಾರಿ ಕಾಲರಾ ತಡೆಯುವ ಕೆಲಸಕ್ಕೆ. ಬಾವಿ, ಚರಂಡಿ, ಕೊಳೆಗೇರಿಗಳನ್ನು ಸುತ್ತಿದ. ಸಂಶೋಧನೆಗೆ ಇದು ಅಡ್ಡಿಯೆಂದು ಆತ ಕೊರಗಿದರೂ, ರೋಗವೆಂಬುದು ಊರಿನ ವ್ಯವಸ್ಥೆಯ ಪ್ರಶ್ನೆಯೂ ಹೌದೆಂಬ ಪಾಠ ಇಲ್ಲಿ ಸಿಕ್ಕಿತೆಂದು ನನ್ನ ಭಾವನೆ. 1897ರ ಬೇಸಿಗೆಯಲ್ಲಿ ರಜೆಯ ಮೇಲೆ ಊಟಿಗೆ ಹೋದವನು ಸೀಗೂರು ಘಾಟಿಗೆ ಇಳಿದು, ತಾನೇ ಮಲೇರಿಯಾಕ್ಕೆ ತುತ್ತಾದ.

ಚೇತರಿಸಿಕೊಂಡು ಸಿಕಂದರಾಬಾದಿಗೆ ಮರಳಿದ ರಾಸ್, ಆಗಸ್ಟಿನ ಉರಿಸೆಕೆಯಲ್ಲಿ, ತುಕ್ಕು ಹಿಡಿದ ಸೂಕ್ಷ್ಮದರ್ಶಕದ ಮುಂದೆ ಕುಳಿತು ಸೊಳ್ಳೆಗಳನ್ನು ಒಂದೊಂದಾಗಿ ಸೀಳಿದ. ಹುಸೇನ್ ಖಾನ್ ಎಂಬ ರೋಗಿ, ಕಚ್ಚಿದ ಪ್ರತಿ ಸೊಳ್ಳೆಗೆ ಒಂದಾಣೆಯಂತೆ ಕೂಲಿ ಪಡೆದು ಮೈಯೊಡ್ಡಿದ್ದ. ಆಗಸ್ಟ್ 20ರಂದು, ರೆಕ್ಕೆಯಲ್ಲಿ ಚುಕ್ಕೆಯಿದ್ದ ಒಂದು ಜಾತಿಯ ಸೊಳ್ಳೆಯ ಜಠರದ ಗೋಡೆಯಲ್ಲಿ, ಮಲೇರಿಯಾದ ಕಪ್ಪು ಬಣ್ಣದ ಕಣಗಳಿದ್ದ ಕೋಶಗಳು ಕಂಡವು. ಆ ದಿನವೇ ಈಗ ವಿಶ್ವ ಸೊಳ್ಳೆ ದಿನ. ಆದರೆ ಮುಂದಿನ ತಿಂಗಳೇ ಮಲೇರಿಯಾ ಅಪರೂಪವಾಗಿದ್ದ ರಜಪುತಾನಾದ ಖೇರ್ವಾಡಾಕ್ಕೆ ವರ್ಗ! 1898ರಲ್ಲಿ ಕಲ್ಕತ್ತೆಗೆ ಬಂದ ಮೇಲೆ, ಹಕ್ಕಿಗಳ ಮಲೇರಿಯಾವನ್ನು ಹಿಡಿದು, ಸಹಾಯಕ ಮೊಹಮ್ಮದ್ ಬಕ್ಷ್ ನೆರವಿನಿಂದ, ಪರೋಪಜೀವಿ ಸೊಳ್ಳೆಯ ಜೊಲ್ಲುಗ್ರಂಥಿ ಸೇರಿ ಕಡಿತದ ಮೂಲಕ ದಾಟುವುದನ್ನು ರಾಸ್ ಸಿದ್ಧಪಡಿಸಿದ. ಅದೇ ವರ್ಷಾಂತ್ಯದಲ್ಲಿ ಇಟಲಿಯ ಗ್ರಾಸ್ಸಿ ಮತ್ತು ಸಂಗಡಿಗರು ಮನುಷ್ಯರ ಮಲೇರಿಯಾವನ್ನು ಹರಡುವುದು ಅನಾಫಿಲಿಸ್ ಸೊಳ್ಳೆಯೆಂದು ತೋರಿಸಿದರು. ಕೀರ್ತಿ ಯಾರದೆಂಬ ಜಗಳ ರಾಸ್‌ನ ಉಳಿದ ಬದುಕನ್ನೆಲ್ಲ ಕಹಿಯಾಗಿಸಿತು.

ಈ ಜಗಳವೇ ಜನಪ್ರಿಯ ವಿಜ್ಞಾನಕ್ಕೆ ಒಳ್ಳೆಯ ಸರಕಾಯಿತು. ಅಮೆರಿಕದ ಪಾಲ್ ಡಿ ಕ್ರೈಫ್ 1926ರಲ್ಲಿ ಪ್ರಕಟಿಸಿದ ‘ಮೈಕ್ರೋಬ್ ಹಂಟರ್ಸ್’ ಜಗತ್ತಿನ ಎಷ್ಟೋ ಮಕ್ಕಳನ್ನು ವಿಜ್ಞಾನದತ್ತ ಸೆಳೆದ ಪುಸ್ತಕ. ಅದರಲ್ಲಿ ರಾಸ್ ಮತ್ತು ಗ್ರಾಸ್ಸಿಯ ಕಥೆ ಕುಸ್ತಿಯ ಅಖಾಡದಂತೆ ಚಿತ್ರಿತವಾಗಿದೆ. ರಾಸ್ ಕೆರಳಿದ, ಮಾನನಷ್ಟ ಮೊಕದ್ದಮೆಗೆ ಅಂಜಿ ಬ್ರಿಟಿಷ್ ಆವೃತ್ತಿಯಿಂದ ಆ ಅಧ್ಯಾಯವನ್ನೇ ಕೈಬಿಡಲಾಯಿತು. ಏಳು ದಶಕಗಳ ಬಳಿಕ ಅಮಿತಾವ್ ಘೋಷ್ ‘ದಿ ಕಲ್ಕತ್ತಾ ಕ್ರೋಮೊಸೋಮ್’ನಲ್ಲಿ ಈ ಕಥೆಯನ್ನು ತಲೆಕೆಳಗು ಮಾಡಿದರು. ಅಲ್ಲಿ ರಾಸ್ ಏನನ್ನೂ ಕಂಡುಹಿಡಿಯುವುದಿಲ್ಲ. ಆತನ ಆಳುಗಳೇ ತಮ್ಮ ಗುಪ್ತ ಉದ್ದೇಶಕ್ಕಾಗಿ ಆತನನ್ನು ದಾರಿ ನಡೆಸುತ್ತಾರೆ. ವೈಜ್ಞಾನಿಕ ಕಾದಂಬರಿಗೆ ಕೊಡುವ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿ 1997ರಲ್ಲಿ ಈ ಕೃತಿಗೆ ಸಂದಿತು. ಲಕ್ಷ್ಮಣನಂಥ ಆಳುಗಳನ್ನು ಕಥೆಯ ಅಂಚಿನಿಂದ ನಡುವಿಗೆ ತಂದದ್ದು ಘೋಷ್ ಅವರ ದೊಡ್ಡ ಉಪಕಾರ.

ಆದರೂ ಇವೆರಡರಲ್ಲೂ ನನಗೆ ಒಂದು ಕೊರತೆ ಕಾಣುತ್ತದೆ. ಒಂದಕ್ಕೆ ವೀರ ಬೇಕು, ಇನ್ನೊಂದಕ್ಕೆ ರಹಸ್ಯ ಬೇಕು. ಬೆಂಗಳೂರಿನ ತೊಟ್ಟಿ ಮಗುಚಿದ ಪ್ರಸಂಗದಲ್ಲಿ ಇವೆರಡೂ ಇಲ್ಲವಾದ್ದರಿಂದ ಅದು ಯಾರ ಕಥೆಗೂ ತಿರುಳಾಗಲಿಲ್ಲ. ರಾಸ್ ತನ್ನ ಉತ್ತರಾರ್ಧವನ್ನು ಕಳೆದದ್ದು ಮಾತ್ರ ಆ ತೊಟ್ಟಿಯ ಸುತ್ತಲೇ. ಸಿಯೆರಾ ಲಿಯೋನ್, ಈಜಿಪ್ಟಿನ ಇಸ್ಮಾಯಿಲಿಯಾ, ಮಾರಿಷಸ್‌ಗಳಿಗೆ ಹೋಗಿ, ನಿಂತ ನೀರನ್ನು ತೊಲಗಿಸುವಂತೆ ಸರ್ಕಾರಗಳ ಬೆನ್ನುಹತ್ತಿದ. ಸೊಳ್ಳೆಯನ್ನು ಪೂರ್ತಿ ಅಳಿಸಲಾಗದಿದ್ದ ಮೇಲೆ ಶ್ರಮವೇಕೆಂದು ಕೇಳಿದವರಿಗೆ ಗಣಿತದಿಂದ ಉತ್ತರ ಕೊಟ್ಟ. ಸೊಳ್ಳೆಗಳ ಸಂಖ್ಯೆ ಒಂದು ಮಿತಿಗಿಂತ ಕೆಳಗಿಳಿದರೆ ಸಾಕು, ರೋಗ ತಾನಾಗಿ ನಂದುತ್ತದೆ ಎಂಬುದು 1910ರ ಆತನ ಗ್ರಂಥದ ಸಾರ. ಕೋವಿಡ್ ಕಾಲದಲ್ಲಿ ನಾವು ದಿನವೂ ಕೇಳಿದ ಸೋಂಕಿನ ಲೆಕ್ಕಾಚಾರಗಳ ಬೇರು ಅಲ್ಲಿದೆ. ನೊಬೆಲ್ ತಂದ ಶೋಧಕ್ಕಿಂತ ಇದೇ ದೊಡ್ಡದೆಂದು ನಾನು ಭಾವಿಸುತ್ತೇನೆ.

ಕರಾವಳಿಗೆ ಇದು ಹಳೆಯ ಕಥೆಯಲ್ಲ. ಕಳೆದ ದಶಕದಲ್ಲಿ ರಾಜ್ಯದ ಮಲೇರಿಯಾ ಪ್ರಕರಣಗಳಲ್ಲಿ ದೊಡ್ಡ ಪಾಲು ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳದ್ದಾಗಿತ್ತು. ನಗರದ ಮಲೇರಿಯಾ ಸೊಳ್ಳೆ ಹುಟ್ಟುವುದು ಚರಂಡಿಯಲ್ಲಲ್ಲ. ಕಟ್ಟುತ್ತಿರುವ ಬಹುಮಹಡಿಯ ಕಾಂಕ್ರೀಟಿನ ಮೇಲೆ ನಿಲ್ಲಿಸಿದ ನೀರಿನಲ್ಲಿ, ಮುಚ್ಚಳವಿಲ್ಲದ ಟ್ಯಾಂಕು, ಬಾವಿಗಳಲ್ಲಿ. ಮಣಿಪಾಲದಂಥ ಬೆಳೆಯುವ ಊರಿಗೆ ಅದು ತಕ್ಕ ಸೊಳ್ಳೆ. ಕೊಳಚೆ ನೀರಿನ ಕ್ಯೂಲೆಕ್ಸ್ ಆನೆಕಾಲನ್ನು ಹರಡಿತು. ಕಾರ್ಕಳದ ಕಡೆಯ ತೋಟಗಳ ಅಡಿಕೆ ಹಾಳೆ, ರಬ್ಬರ್ ಹಾಲಿನ ಗೆರಟೆಗಳಲ್ಲಿ ನಿಂತ ಮಳೆನೀರು ಡೆಂಗಿ ಸೊಳ್ಳೆಗೆ ತೊಟ್ಟಿಲು. 2004ರಿಂದ ಮನೆಮನೆಗೆ ಹಂಚಿದ ಡಿಇಸಿ ಮಾತ್ರೆ ಆನೆಕಾಲನ್ನು ಹಿಮ್ಮೆಟ್ಟಿಸಿತು, ಮಲೇರಿಯಾವೂ ಇಳಿದಿದೆ. ಆದರೆ ರಾಸ್‌ನ ಗಣಿತಕ್ಕೆ ಇನ್ನೊಂದು ಮುಖವುಂಟು. ಮಿತಿ ದಾಟಿ ಸೊಳ್ಳೆ ಹೆಚ್ಚಿದರೆ, ಹೊರಗಿನಿಂದ ಬಂದ ಒಬ್ಬ ರೋಗಿಯಿಂದಲೂ ರೋಗ ಮರಳಬಲ್ಲದು. ಅದಕ್ಕೆ ಮೊದಲು ಬಲಿಯಾಗುವವನು, ದೂರದ ಜಿಲ್ಲೆಯಿಂದ ಬಂದು ಅರ್ಧ ಕಟ್ಟಿದ ಕಟ್ಟಡದಲ್ಲೇ ಮಲಗುವ ಕೂಲಿಯವನು. ಹುಸೇನ್ ಖಾನನಂತೆ ಆತನ ರಕ್ತಕ್ಕೂ ಇಂದು ಬೆಲೆ ಕಡಿಮೆ, ಒಂದಾಣೆಯೂ ಸಿಗುವುದಿಲ್ಲ.

ರಾಸ್ 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ, ತನ್ನ ಹೆಸರಿನದೇ ಸಂಸ್ಥೆಯಲ್ಲಿ ತೀರಿಕೊಂಡ. ಆತ ಮುಂಗೋಪಿ, ಕೀರ್ತಿಕಾಮಿ. ತನಗೆ ನೆರವಾದ ಭಾರತೀಯರಿಗೆ ಸಲ್ಲಬೇಕಾದ ಸ್ಥಾನವನ್ನು ಸಲ್ಲಿಸಲಿಲ್ಲ. ಇದಾವುದನ್ನೂ ಮುಚ್ಚಿಡಬೇಕಿಲ್ಲ. 1883ರ ಬೆಂಗಳೂರಿನಲ್ಲಿ ತೊಟ್ಟಿ ಮಗುಚಲು ನಿರಾಕರಿಸಿದ ಅಧಿಕಾರಿಗೆ ಅಜ್ಞಾನದ ನೆಪವಾದರೂ ಇತ್ತು. ನಮ್ಮ ನಗರಸಭೆಗೆ, ಗುತ್ತಿಗೆದಾರರಿಗೆ, ಮನೆಯ ಯಜಮಾನರಾದ ನಮಗೆ ಆ ನೆಪವಿಲ್ಲ.