ಎಚ್.ಎನ್. ಮತ್ತು ಬೀಗ ಹಾಕಿದ ಪ್ರಯೋಗಾಲಯ

ಪ್ರೌಢಶಾಲೆಗಳ ವಿಜ್ಞಾನ ಶಿಕ್ಷಣದ ಪ್ರಶ್ನೆ ಎದ್ದಾಗಲೆಲ್ಲ ಅನುದಾನದ ಮಾತೇ ಮೊದಲು ಬರುತ್ತದೆ. ಅನುದಾನ ಬೇಕು, ನಿಜ. ಆದರೆ ಹಣದಷ್ಟೇ ಅಗತ್ಯವಾದ ಇನ್ನೊಂದು ಬಂಡವಾಳವಿದೆ ಎಂಬುದನ್ನು ತಮ್ಮ ಬದುಕಿನಿಂದಲೇ ತೋರಿಸಿಕೊಟ್ಟವರು ಡಾ. ಎಚ್. ನರಸಿಂಹಯ್ಯನವರು. 2005ರ ಜನವರಿ 31ರಂದು ಅವರು ನಿಧನರಾಗಿ ಎರಡು ದಶಕಗಳೇ ಕಳೆದಿವೆ. ಬನಶಂಕರಿಯಲ್ಲಿ ಮೆಟ್ರೊ ಹತ್ತಿ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿಯುವ ಇಂದಿನ ಅನೇಕ ವಿದ್ಯಾರ್ಥಿಗಳಿಗೆ ಅವರ ಹೆಸರು ಮಾತ್ರ ಗೊತ್ತು.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬವೊಂದರಲ್ಲಿ 1920ರಲ್ಲಿ ಅವರು ಜನಿಸಿದರು. ಊರಿನ ಶಾಲೆಯ ಓದು ಮುಗಿದ ಮೇಲೆ ಮುಂದೆ ದಾರಿಯಿರಲಿಲ್ಲ. ತಮಗೆ ಪಾಠ ಹೇಳಿದ್ದ ಮೇಷ್ಟ್ರೊಬ್ಬರ ಆಸರೆಯನ್ನು ನಂಬಿ 1935ರಲ್ಲಿ ಎರಡು ದಿನ ನಡೆದೇ ಬೆಂಗಳೂರು ಸೇರಿ, ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ದಾಖಲಾದರು. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಈ ಪ್ರಸಂಗ ಒಂದು ಲೆಕ್ಕದಂತೆ ಕಾಣುತ್ತದೆ. ಶುಲ್ಕವೊಂದೇ ಶಿಕ್ಷಣದ ಬೆಲೆಯಲ್ಲ, ದೂರವೂ ಬೆಲೆಯೇ. ಆ ಬೆಲೆ ತೆರಲಾರದೆ ಹಿಂದುಳಿದ ಮಕ್ಕಳೆಷ್ಟೋ ಯಾವ ದಾಖಲೆಯಲ್ಲಿಯೂ ಸಿಗುವುದಿಲ್ಲ.

1942ರ ಚಳವಳಿಯಲ್ಲಿ ಓದು ಬಿಟ್ಟು ಸೆರೆಮನೆ ಸೇರಿದ ಅವರು, ಮತ್ತೆ ಓದಿಗೆ ಮರಳಿ ಭೌತವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದು, 1946ರಲ್ಲಿ ನ್ಯಾಷನಲ್ ಕಾಲೇಜಿನ ಅಧ್ಯಾಪಕರಾದರು. ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಬೀಜ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಗಳಿಸಿದ್ದು 1960ರಲ್ಲಿ. ಅಲ್ಲಿಯೇ ನೆಲೆಸಬಹುದಿತ್ತು. ಅವರಾದರೋ ಕಾಲೇಜಿನ ವಿದ್ಯಾರ್ಥಿ ನಿಲಯದ ಪುಟ್ಟ ಕೋಣೆಗೆ, ಖಾದಿ ಪಂಚೆ, ಜುಬ್ಬ, ಟೋಪಿಗಳಿಗೆ ಹಿಂದಿರುಗಿ ಪ್ರಾಂಶುಪಾಲರಾದರು. ಅವಿವಾಹಿತರಾಗಿಯೇ ಉಳಿದರು.

1962ರಲ್ಲಿ ಅವರು ಆರಂಭಿಸಿದ ಬೆಂಗಳೂರು ಸೈನ್ಸ್ ಫೋರಂ ಅವರ ಅತಿ ದೊಡ್ಡ ಕೊಡುಗೆ ಎಂದು ನನ್ನ ಭಾವನೆ. ಬುಧವಾರದ ಸಂಜೆಗಳ ಉಪನ್ಯಾಸಗಳಿಗೆ ಟಿಕೆಟ್ಟಿಲ್ಲ, ಆಹ್ವಾನವಿಲ್ಲ. ದೊಡ್ಡ ವಿಜ್ಞಾನಿಯ ಮುಂದೆ ಹೈಸ್ಕೂಲಿನ ಹುಡುಗನೂ ಕುಳಿತುಕೊಳ್ಳಬಹುದು. ಜಯನಗರದ ನ್ಯಾಷನಲ್ ಕಾಲೇಜು, ಗೌರಿಬಿದನೂರು, ಬಾಗೇಪಲ್ಲಿಗಳ ಶಿಕ್ಷಣ ಸಂಸ್ಥೆಗಳು ಇದೇ ಧೋರಣೆಯ ವಿಸ್ತರಣೆ. ತಾವು ನಡೆದು ಬಂದ ದೂರವನ್ನು ಮುಂದಿನ ಮಕ್ಕಳಿಗೆ ಕಡಿಮೆ ಮಾಡುವುದೇ ಅವರ ಯೋಜನೆಯಾಗಿತ್ತು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿ ತೀವ್ರ ವಿರೋಧವನ್ನೂ ಎದುರಿಸಿದರು. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ನಾಗರಿಕರ ಕರ್ತವ್ಯವೆಂದು ಸಂವಿಧಾನದ ತಿದ್ದುಪಡಿ ಸಾರಿದ್ದೂ ಅದೇ ವರ್ಷ. ಪ್ರಶ್ನೆ ಕೇಳುವುದನ್ನು ಕಲಿಸದ ವಿಜ್ಞಾನ ಪಾಠ ಅವರ ದೃಷ್ಟಿಯಲ್ಲಿ ಅಪೂರ್ಣ.

ಈಗ ನಮ್ಮ ಕಾಲಕ್ಕೆ ಬರೋಣ. 2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಡಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿಗಳವರೆಗೆ ನೆರವುಂಟು. ಮುಂದಿನ ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ ಇಂಥ 50,000 ಪ್ರಯೋಗಾಲಯಗಳನ್ನು ತೆರೆಯುವುದಾಗಿ 2025ರ ಕೇಂದ್ರ ಬಜೆಟ್ ಘೋಷಿಸಿತು. ಸ್ವಾಗತಾರ್ಹವೇ. ಆದರೆ ಸೇವೆಯಲ್ಲಿದ್ದಾಗ ತಪಾಸಣೆಗೆಂದು ಹೋದ ಗ್ರಾಮೀಣ ಪ್ರೌಢಶಾಲೆಯೊಂದರಲ್ಲಿ ಸೂಕ್ಷ್ಮದರ್ಶಕಗಳು ಬೀರುವಿನೊಳಗೆ ಹೊಚ್ಚ ಹೊಸದಾಗಿಯೇ ಇದ್ದುದನ್ನು ನಾನು ಕಂಡಿದ್ದೇನೆ. ಒಡೆದರೆ ಲೆಕ್ಕ ಕೊಡಬೇಕಾದೀತೆಂಬ ಭಯದಿಂದ ಬೀಗ ಬಿದ್ದಿತ್ತು. ದಾಸ್ತಾನು ಪುಸ್ತಕದಲ್ಲಿ ಒಂದೂ ಲೋಪವಿರಲಿಲ್ಲ. ಮಕ್ಕಳು ಅವುಗಳನ್ನು ಮುಟ್ಟಿದ್ದರೇ ಎಂದು ಕೇಳುವ ಕಾಲಂ ನಮ್ಮ ನಮೂನೆಯಲ್ಲಿಯೇ ಇರಲಿಲ್ಲ.

ಆದ್ದರಿಂದ ನನ್ನ ಸಲಹೆ ಸರಳ. ಬಳಸುವಾಗ ಒಡೆದ ಗಾಜಿಗೆ ಶಿಕ್ಷಕರನ್ನು ಹೊಣೆ ಮಾಡುವ ಪದ್ಧತಿ ನಿಲ್ಲಲಿ. ಉಪಕರಣಗಳ ಸಂಖ್ಯೆಯ ಬದಲು ಮಕ್ಕಳು ಮಾಡಿದ ಪ್ರಯೋಗಗಳ ಸಂಖ್ಯೆ ತಪಾಸಣೆಗೆ ಬರಲಿ. ಬನಶಂಕರಿಯಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ವಿಜ್ಞಾನ ಭವನವಿದೆ. ಸುತ್ತಮುತ್ತಲ ಬಡಾವಣೆಗಳಲ್ಲಿ ನಿವೃತ್ತ ಎಂಜಿನಿಯರುಗಳು, ಅಧ್ಯಾಪಕರು ಬೇಕಾದಷ್ಟು ಮಂದಿ ಇದ್ದಾರೆ. ವಾರಕ್ಕೊಂದು ಸಂಜೆಯನ್ನು ಹತ್ತಿರದ ಸರ್ಕಾರಿ ಪ್ರೌಢಶಾಲೆಗೆ ಕೊಡಲು ಯಾವ ಬಜೆಟ್ಟಿನ ಮಂಜೂರಾತಿಯೂ ಬೇಡ. ನರಸಿಂಹಯ್ಯನವರು ಹೂಡಿದ್ದು ಮುಖ್ಯವಾಗಿ ಈ ಬಂಡವಾಳವನ್ನೇ: ತಮ್ಮ ಸಮಯವನ್ನು.