ಮರದ ಅಚ್ಚಿನಲ್ಲಿ ಹಿಮಾಲಯ ಮೂಡಿಸಿದ ಹಿರೋಶಿ ಯೋಶಿದಾ

ಅಕ್ಕಲಕೋಟ ರಸ್ತೆ ಎಂಐಡಿಸಿಯಲ್ಲಿ ಚಾದರ, ಟವೆಲ್ ನೇಯುವವರಿಗೆ ಒಂದು ಮಾತು ಚೆನ್ನಾಗಿ ಗೊತ್ತು. ನಕ್ಷೆ ಚೆಂದವಿದ್ದರೆ ಸಾಲದು, ಪ್ರತಿ ಬಣ್ಣವೂ ತನ್ನ ಜಾಗದಲ್ಲೇ ಬೀಳಬೇಕು. ಇದೇ ಕಷ್ಟದ ಕೆಲಸವನ್ನು ಮರದ ಅಚ್ಚಿನಲ್ಲಿ ಸಾಧಿಸಿ, ನಮ್ಮ ಕಾಂಚನಜುಂಗಾ ಶಿಖರವನ್ನು ಕಾಗದಕ್ಕೆ ಇಳಿಸಿದವರು ಜಪಾನಿನ ಕಲಾವಿದ ಹಿರೋಶಿ ಯೋಶಿದಾ.

ಯೋಶಿದಾ ಹುಟ್ಟಿದ್ದು 1876ರಲ್ಲಿ, ಜಪಾನಿನ ಕುರುಮೆ ಎಂಬ ಊರಿನಲ್ಲಿ. ಹುಡುಗನ ಕೈಚಳಕ ಕಂಡ ಚಿತ್ರಕಲಾ ಶಿಕ್ಷಕರೊಬ್ಬರು ಅವರನ್ನು ದತ್ತು ಪಡೆದರು. ಜಲವರ್ಣ, ತೈಲವರ್ಣಗಳಲ್ಲಿ ಹೆಸರು ಮಾಡಿದ ಯೋಶಿದಾ 1899ರಲ್ಲಿ ಗೆಳೆಯನ ಜೊತೆ ಅಮೆರಿಕಕ್ಕೆ ಹೋಗಿ ಚಿತ್ರಗಳನ್ನು ಮಾರಿದರು.

ಅಚ್ಚಿನ ಚಿತ್ರಗಳತ್ತ ಅವರು ಹೊರಳಿದ್ದು 1920ರಲ್ಲಿ, 44ನೇ ವಯಸ್ಸಿನಲ್ಲಿ. ಟೋಕಿಯೋದ ಪ್ರಕಾಶಕ ವತನಬೆ ಅವರ ಚಿತ್ರಗಳನ್ನು ಅಚ್ಚು ಮಾಡಿಸುತ್ತಿದ್ದರು. ಆದರೆ 1923ರ ಸೆಪ್ಟೆಂಬರ್ 1ರ ಭೂಕಂಪದ ನಂತರ ಎದ್ದ ಬೆಂಕಿಯಲ್ಲಿ ಆ ಅಚ್ಚುಗಳೆಲ್ಲ ಬೂದಿಯಾದವು.

ಯೋಶಿದಾ ಎದೆಗುಂದಲಿಲ್ಲ. ಉಳಿದ ಚಿತ್ರಗಳನ್ನು ಹೊತ್ತು ಮತ್ತೆ ಅಮೆರಿಕಕ್ಕೆ ಹೊರಟರು. ಅಲ್ಲಿ ಅಚ್ಚಿನ ಚಿತ್ರಗಳಿಗೆ ಇದ್ದ ಬೇಡಿಕೆ ಕಂಡು, 1925ರಲ್ಲಿ ಊರಿಗೆ ಮರಳಿ ಸ್ವಂತ ಕಾರ್ಯಾಗಾರ ತೆರೆದರು. ಹಳೆಯ ಪದ್ಧತಿಯಲ್ಲಿ ಬರೆಯುವವನು ಒಬ್ಬ, ಕೆತ್ತುವವನು ಇನ್ನೊಬ್ಬ, ಒತ್ತುವವನು ಮತ್ತೊಬ್ಬ, ಯಜಮಾನಿಕೆ ಪ್ರಕಾಶಕನದು. ಯೋಶಿದಾ ಕೆತ್ತುವುದನ್ನೂ ಒತ್ತುವುದನ್ನೂ ತಾವೇ ಕಲಿತು, ಕೆಲಸಗಾರರ ಪಕ್ಕದಲ್ಲೇ ನಿಂತು ಮಾಡಿಸಿದರು. 1937ರ ಒಂದು ಚಿತ್ರಕ್ಕಂತೂ ಕಾಗದವನ್ನು 96 ಬಾರಿ ಅಚ್ಚಿನ ಮೇಲೆ ಇಡಬೇಕಾಯಿತು. ಕಾಗದ ಕೂದಲೆಳೆಯಷ್ಟು ಸರಿದರೂ ಚಿತ್ರ ಕೆಟ್ಟಂತೆಯೇ. ಅದಕ್ಕಾಗಿ ಹಲಗೆಯ ಅಂಚಿನಲ್ಲಿ ಕಾಗದ ಕೂರಿಸಲು ಗುರುತಿನ ಕಚ್ಚು ಕೊರೆದಿರುತ್ತಾರೆ.

1930ರ ಕೊನೆಗೆ ಮಗ ತೋಶಿಯೊಂದಿಗೆ ಅವರು ಭಾರತಕ್ಕೆ ಬಂದರು. ತಾಜಮಹಲ್, ಕಾಶಿ, ನಮ್ಮ ಮಹಾರಾಷ್ಟ್ರದ ಅಜಂತಾ, ಎಲ್ಲೋರಾಗಳನ್ನು ಕಂಡು ಬರೆದುಕೊಂಡರು. ಕಾಂಚನಜುಂಗಾದ ಅಚ್ಚುಗಳು ಹೊರಬಂದದ್ದು 1931ರಲ್ಲಿ. ಜಪಾನೀ ಮರದಚ್ಚಿನಲ್ಲಿ ಹಿಮಕ್ಕೆ ಹೆಚ್ಚಾಗಿ ಬಿಳಿ ಬಣ್ಣ ಬಳಿಯುವುದಿಲ್ಲ. ಕಾಗದವನ್ನು ಖಾಲಿ ಬಿಟ್ಟು, ಸುತ್ತಲಿನ ನೆರಳು, ಆಕಾಶಗಳಿಗೆ ಮಾತ್ರ ಬಣ್ಣ ಒತ್ತುತ್ತಾರೆ. ಅವೇ ಹಲಗೆಗಳಿಗೆ ಬೇರೆ ಬಣ್ಣ ಹಚ್ಚಿ ಮುಂಜಾವನ್ನು ಸಂಜೆಯಾಗಿಸುವ ವಿದ್ಯೆಯೂ ಯೋಶಿದಾಗೆ ಒಲಿದಿತ್ತು.

1950ರಲ್ಲಿ ಅವರು ಟೋಕಿಯೋದಲ್ಲಿ ತೀರಿಕೊಂಡರು. ಮಕ್ಕಳಾದ ತೋಶಿ, ಹೊಡಾಕ ಇಬ್ಬರೂ ಅಚ್ಚಿನ ಕಲೆಯನ್ನೇ ಮುಂದುವರಿಸಿದರು. ಎಲ್ಲ ಸುಟ್ಟುಹೋದ ಮೇಲೆ, ಐವತ್ತರ ಹೊಸ್ತಿಲಲ್ಲಿ ಯೋಶಿದಾ ಮೊದಲಿನಿಂದ ಶುರುಮಾಡಿದ ಕೆಲಸ ಹೀಗೆ ಮನೆತನದ ಕಸುಬಾಯಿತು.